ಅರಿವೆ, ವರತಿ, ಗಂಜು: ವಿಜಯಪುರ ಸೀಮೆಯಲ್ಲಿ ನೀರು ಸೋಸಿದ ಬಗೆ

ಕೃಷ್ಣೆಗೂ ಡೋಣಿಗೂ ನಡುವೆ ಹಬ್ಬಿರುವ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಎರೆನೆಲದಲ್ಲಿಯೂ, ಡೋಣಿಯ ಆಚೆ ಭೀಮೆಯ ತೀರದವರೆಗೆ ಸಾಗುವ ಸಿಂದಗಿ, ಇಂಡಿಗಳ ಬಯಲಿನಲ್ಲಿಯೂ ನೀರಿನ ಕಷ್ಟವೆಂದರೆ ಅದರ ಅಭಾವವೊಂದೇ ಎಂದು ದೂರದವರು ಭಾವಿಸುವುದು ಸಹಜವಾದರೂ, ಈ ಸೀಮೆಯ ಮಸೂತಿಯಂತಹ ಊರುಗಳ ಗೃಹಿಣಿಯರನ್ನು ತಲೆತಲಾಂತರದಿಂದ ಕಾಡಿದ ಕಷ್ಟ ಎರಡು ಬಗೆಯದು: ಬೇಸಿಗೆಯಲ್ಲಿ ನೀರಿಲ್ಲ, ಮಳೆಗಾಲದಲ್ಲಿ ನೀರುಂಟು, ಆದರೆ ಅದು ಬರಿಯ ರಾಡಿ. ಜೋಳವನ್ನು ಮುಂಗೈ ಗಾತ್ರದ ತೆನೆಯಾಗಿ ಬೆಳೆಯಿಸುವ ಆ ಎರೆಮಣ್ಣೇ ನೀರಿನ ವಿಷಯದಲ್ಲಿ ಶತ್ರುವಾಗುತ್ತದೆ. ಅದೆಂತೆಂದರೆ, ಜೇಡಿಯ ಕಣವು ಎರಡು ಮೈಕ್ರಾನಿಗಿಂತಲೂ, ಎಂದರೆ ಮಿಲಿಮೀಟರಿನ ಐನೂರನೆಯ ಒಂದು ಪಾಲಿಗಿಂತಲೂ ಚಿಕ್ಕದಾಗಿದ್ದು, ಒಂದೊಂದೂ ಇನ್ನೊಂದನ್ನು ದೂರ ತಳ್ಳುವ ವಿದ್ಯುದಂಶವನ್ನು ಹೊತ್ತಿರುವ ಕಾರಣ, ಹಳ್ಳದ ಉಸುಕು ಕೆಲವು ನಿಮಿಷಗಳಲ್ಲಿಯೇ ಕೊಡದ ತಳಕ್ಕೆ ಇಳಿದರೂ ಎರೆಯ ಕೆಸರು ರಾತ್ರಿಯೆಲ್ಲ ನಿಲ್ಲಿಸಿದ ಹರವಿಯಲ್ಲಿಯೂ ಇಳಿಯದೆ, ಬೆಳಗಾದ ಮೇಲೂ ನೀರನ್ನು ಮಬ್ಬಾಗಿಯೇ ಇಟ್ಟಿರುತ್ತದೆ.

ನೀರನ್ನು ಹುಡುಕಿದವರ, ಕೆರೆ ಕಟ್ಟಿಸಿದವರ, ಬಾವಿ ತೋಡಿಸಿದವರ ಕೀರ್ತಿಯನ್ನು ನಮ್ಮ ಶಾಸನಗಳು ಹಾಡಿವೆ. ಸಿಕ್ಕ ನೀರನ್ನು ದಿನದಿನವೂ ಕುಡಿಯುವಂತೆ ಮಾಡಿದವರ ಚರಿತ್ರೆಯನ್ನು ಮಾತ್ರ ಯಾವ ಕಲ್ಲಿನಲ್ಲಿಯೂ ಕೊರೆದಿಲ್ಲ. ಆ ಚರಿತ್ರೆಯನ್ನು ಈ ಸೀಮೆಯ ಮಟ್ಟಿಗಾದರೂ ಅರಿಯಲೆಳಸುವವರಿಗೆ ಮೊದಲು ಮನದಟ್ಟಾಗಬೇಕಾದ ಸಂಗತಿಯೆಂದರೆ, ಸೋಸುವ ಕಾರ್ಯದಲ್ಲಿ ಕೊಳೆಯನ್ನು ತಡೆದು ಹಿಡಿಯುವುದು ಅರ್ಧದ ಕೆಲಸ, ಹಿಡಿದುದನ್ನು ಹೊತ್ತಿಗೆ ಸರಿಯಾಗಿ ಹೊರಹಾಕುವುದು ಉಳಿದರ್ಧದ ಕೆಲಸ. ಮೊದಲಿನದನ್ನು ಶಿಲ್ಪಿ ಮಾಡಬಲ್ಲ, ಎರಡನೆಯದನ್ನು ಮನುಷ್ಯನ ನಿತ್ಯದ ಶ್ರದ್ಧೆಯೊಂದೇ ಮಾಡಬಲ್ಲುದು.

ಶಾಸ್ತ್ರಕಾರರು ಈ ವಿಷಯವನ್ನು ಉಪೇಕ್ಷಿಸಿದವರಲ್ಲ. ಕಲುಷಿತವಾದ ನೀರನ್ನು ತಿಳಿಗೊಳಿಸುವ ಏಳು ಸಾಧನಗಳನ್ನು ಸುಶ್ರುತಸಂಹಿತೆಯ ಸೂತ್ರಸ್ಥಾನವು ಹೇಳುವಾಗ ಕತಕಬೀಜವನ್ನೂ ವಸ್ತ್ರವನ್ನೂ ಒಂದೇ ಸಾಲಿನಲ್ಲಿ ಎಣಿಸಿದೆ; ಯತಿಯಾದವನು ಬಟ್ಟೆಯಿಂದ ಶೋಧಿಸಿದ ಜಲವನ್ನೇ ಕುಡಿಯಬೇಕೆಂದು ಮನುಸ್ಮೃತಿಯ ಆರನೆಯ ಅಧ್ಯಾಯವು ವಿಧಿಸುತ್ತದೆ; ಬೌದ್ಧಭಿಕ್ಷುವು ಇಟ್ಟುಕೊಳ್ಳಬಹುದಾದ ಅಷ್ಟಪರಿಷ್ಕಾರಗಳಲ್ಲಿ ನೀರು ಸೋಸುವ ಜಾಲರಿಯೂ ಒಂದು. ಕತಕವೆಂದರೆ ನಮ್ಮವರು ಚಿಲ್ಲದ ಬೀಜವೆನ್ನುವ ವಸ್ತು: ಅದನ್ನು ಮಡಕೆಯ ಒಳಮೈಗೆ ತೇಯ್ದು ನೀರು ತುಂಬಿದರೆ, ಒಂದನ್ನೊಂದು ದೂರ ತಳ್ಳುತ್ತಿದ್ದ ಕೆಸರಿನ ಕಣಗಳು ಒಟ್ಟುಗೂಡಿ ಭಾರವಾಗಿ ತಳ ಹಿಡಿಯುತ್ತವೆ, ಇಂದಿನ ಜಲಶುದ್ಧೀಕರಣ ಕೇಂದ್ರಗಳಲ್ಲಿ ಪಟಕವು ಮಾಡುವ ಕೆಲಸವೂ ಇದೇ. ವಸ್ತ್ರದ ಕೆಲಸ ಬೇರೆ. ಅದು ಕಣವನ್ನು ದೊಡ್ಡದು ಮಾಡುವುದಿಲ್ಲ, ದೊಡ್ಡದಾಗಿರುವುದನ್ನು ಮಾತ್ರ ತಡೆಯುತ್ತದೆ. ಎರೆಯ ಸೀಮೆಯಲ್ಲಿ ಈ ಎರಡೂ ಉಪಾಯಗಳು ಬೇಕಾಗುತ್ತವೆಯೆಂಬುದನ್ನು ಮೇಲೆ ಹೇಳಿದ ಮಣ್ಣಿನ ಗುಣದಿಂದಲೇ ಊಹಿಸಬಹುದು.

ಬಟ್ಟೆಯಿಂದ ಸೋಸುವುದನ್ನು ಧರ್ಮವೆಂದೇ ಬಗೆದು ಅದರ ಸೂಕ್ಷ್ಮಗಳನ್ನೆಲ್ಲ ಪಾಲಿಸಿದವರು ಜೈನರು. ಸಹಸ್ರಫಣಿ ಪಾರ್ಶ್ವನಾಥನ ಬಸದಿಯಿರುವ ವಿಜಯಪುರದ ಸೀಮೆಗೆ ಅವರ ಆಚಾರ ಹೊಸದಲ್ಲ. ದಪ್ಪನೆಯ ಅರಿವೆಯನ್ನು ಎರಡು ಪದರವಾಗಿ ಮಡಿಸಿ ಅದರ ಮೂಲಕ ನೀರನ್ನು ಇಳಿಸುವುದು, ಹಾಗೆ ಸೋಸಿದ ನೀರನ್ನು ಒಂದು ಮುಹೂರ್ತ, ಎಂದರೆ 48 ನಿಮಿಷ, ಕಳೆದ ಮೇಲೆ ಮತ್ತೆ ಸೋಸದೆ ಬಳಸದಿರುವುದು, ಇವುಗಳೆಲ್ಲಕ್ಕಿಂತ ಮಿಗಿಲಾಗಿ ಅರಿವೆಯ ಮೇಲೆ ಉಳಿದ ಜೀವರಾಶಿಯನ್ನು ಸೋಸಿದ ನೀರಿನಿಂದಲೇ ತೊಳೆದು, ಅದನ್ನು ಯಾವ ಬಾವಿಯಿಂದ ತಂದದ್ದೋ ಆ ಬಾವಿಗೇ, ಮೇಲಿನಿಂದ ಸುರಿಯದೆ ಪಾತ್ರೆಯೊಡನೆ ನೀರಿನ ಮಟ್ಟದವರೆಗೆ ಇಳಿಸಿ ಮೆಲ್ಲನೆ ಬಿಡುವುದು: ಈ ನಿಯಮಗಳ ಹಿಂದಿರುವುದು ಅಹಿಂಸೆ, ಆರೋಗ್ಯವು ಆನುಷಂಗಿಕವಾದ ಫಲ. ಆದರೂ ಅರಿವೆಯಲ್ಲಿ ಸಿಕ್ಕಿದ್ದೇನು, ಅದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಇಷ್ಟು ಗಂಭೀರವಾಗಿ ಕೇಳಿಕೊಂಡ ಆಚಾರ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ. ಇತ್ತ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ಶರಣ ಪರಂಪರೆಯಲ್ಲಿಯೂ ಪೂಜೆಯ ನೀರಿನ ಶುಚಿಗೆ ಎಷ್ಟು ಬೆಲೆಯಿತ್ತೆಂಬುದಕ್ಕೆ ಅಗ್ಘವಣಿ ಹಂಪಯ್ಯ, ಅಗ್ಘವಣಿ ಹೊನ್ನಯ್ಯ ಎಂಬ ವಚನಕಾರರ ಹೆಸರುಗಳೇ ಸಾಕ್ಷಿ; ಅಗ್ಘವಣಿಯೆಂದರೆ ಪೂಜೆಯ ನೀರು.

ಅರಿವೆ ಕಟ್ಟುವುದರಲ್ಲಿಯೂ ಒಂದು ಹದವಿದೆ. ಕೊಡದ ಬಾಯಿಗೆ ಅದನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಸುರಿದ ನೀರು ಒಳಗಿಳಿಯದೆ ಅಂಚಿನಿಂದ ಹೊರಗೆ ಹರಿಯುತ್ತದೆ. ನಡುವೆ ಒಂದು ಬೊಗಸೆಯಷ್ಟು ತಗ್ಗು ಬಿಟ್ಟರೆ ನೀರು ಅಲ್ಲಿ ನಿಂತು ಸಾವಕಾಶವಾಗಿ ಇಳಿಯುತ್ತದೆ. ಸೋಸಿ ಮುಗಿದ ಕೂಡಲೇ ಅರಿವೆಯನ್ನು ಮಗುಚಿ ಜಾಡಿಸಿ ತೊಳೆದು ಬಿಸಿಲಿಗೆ ಹಾಕಬೇಕು. ತೊಳೆಯದ ಅರಿವೆಯನ್ನು ಮರುದಿನ ಒಳಮಗ್ಗುಲು ಹೊರಗಾಗಿ ಕಟ್ಟಿದರೆ ನಿನ್ನೆ ಹಿಡಿದದ್ದೆಲ್ಲವೂ ಇಂದಿನ ಕೊಡಕ್ಕೆ ಇಳಿಯುವುದು. ಹೊಸ ಬಟ್ಟೆಗಿಂತ ಉಟ್ಟು ಒಗೆದು ಸವೆದ ಸೀರೆಯೇ ಈ ಕೆಲಸಕ್ಕೆ ಲೇಸೆಂಬುದನ್ನು ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿಕೊಟ್ಟಿತು: ಸವೆದ ನೂಲಿನ ಎಳೆಗಳು ಬಿಚ್ಚಿಕೊಂಡು ರಂಧ್ರಗಳನ್ನು ಕಿರಿದಾಗಿಸುವುದರಿಂದ, ಹಲವು ಮಡಿಕೆಯಾಗಿಸಿದ ಹಳೆಯ ಹತ್ತಿಸೀರೆಯು ಸುಮಾರು 20 ಮೈಕ್ರಾನಿನ ಜಾಲರಿಯಂತೆ ವರ್ತಿಸಿ, ಕಾಲರಾ ರೋಗಾಣುಗಳು ಅಂಟಿಕೊಂಡು ಬಾಳುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಹೀಗೆ ಸೋಸಿದ ಹಳ್ಳಿಗಳಲ್ಲಿ ಕಾಲರಾ 48 ಪ್ರತಿಶತ ಇಳಿಯಿತು. ಇಳಕಲ್ಲಿನ ಮಗ್ಗಗಳಿಗೆ ನೆರೆಯಾದ ನಮ್ಮ ಸೀಮೆಯಲ್ಲಿ ಸವೆದ ಸೀರೆಗೆ ಬರವಿರಲಿಲ್ಲ.

ಅರಿವೆಯ ಮೊದಲಿನ ಸೋಸುವಿಕೆ ಹಳ್ಳದಲ್ಲಿಯೇ ಆಗುತ್ತಿತ್ತು. ಹರಿವು ನಿಂತ ಹಳ್ಳದ ಉಸುಕಿನಲ್ಲಿ ಮೊಳದುದ್ದ ತೋಡಿ, ಮೊದಲು ಬರುವ ಕಲಕುನೀರನ್ನು ಪರಟೆಯಿಂದ ಮೊಗೆದು ಚೆಲ್ಲಿ, ಆಮೇಲೆ ಊರಿ ಬರುವ ತಿಳಿನೀರನ್ನು ತುಂಬಿಕೊಳ್ಳುವ ವರತಿಯು ಪ್ರಕೃತಿಯೇ ಕಟ್ಟಿದ ಮರಳು ಶೋಧಕ. ಇದೇ ತತ್ತ್ವದ ಮೇಲೆ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಜಾನ್ ಗಿಬ್ ಎಂಬವನು ತನ್ನ ಬಟ್ಟೆ ಬಿಳುಪು ಮಾಡುವ ಕಾರ್ಖಾನೆಗಾಗಿ 1804ರಲ್ಲಿ ಮರಳಿನ ಶೋಧಕವನ್ನು ಕಟ್ಟಿ ಉಳಿದ ನೀರನ್ನು ಊರಿಗೆ ಮಾರಿದನು; 1829ರಲ್ಲಿ ಜೇಮ್ಸ್ ಸಿಂಪ್ಸನ್ ಲಂಡನ್ನಿನ ಚೆಲ್ಸಿಯಲ್ಲಿ ಅದನ್ನು ನಗರದ ಪ್ರಮಾಣಕ್ಕೆ ಬೆಳೆಸಿದನು; 1892ರಲ್ಲಿ ಎಲ್ಬ್ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗಿನಲ್ಲಿ ಎಂಟು ಸಾವಿರಕ್ಕೂ ಮೀರಿದ ಜನ ಕಾಲರಾಕ್ಕೆ ಬಲಿಯಾಗಲು, ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿದ ನೆರೆಯ ಆಲ್ಟೋನಾ ಬಹುಮಟ್ಟಿಗೆ ಪಾರಾಯಿತು.

ಇತ್ತ ನಮ್ಮ ಸೀಮೆಯಲ್ಲಿ ನೀರು ಸೋಸುವುದನ್ನು ರಾಜಕಾರ್ಯವನ್ನಾಗಿ ಮಾಡಿದವರು ಬಿಜಾಪುರವನ್ನು, ಎಂದರೆ ಇಂದಿನ ವಿಜಯಪುರವನ್ನು, ಆಳಿದ ಆದಿಲಶಾಹಿ ಸುಲ್ತಾನರು. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ 1579ರಲ್ಲಿ ಚಾಂದ್ ಬಾವಡಿಯೂ, ಎರಡನೆಯ ಇಬ್ರಾಹಿಮನ ಕಾಲದಲ್ಲಿ 1620ರಲ್ಲಿ ಮಲಿಕ್ ಸಂದಲನ ಮುತುವರ್ಜಿಯಿಂದ ತಾಜ್ ಬಾವಡಿಯೂ ಆದವು. ತಾಜ್ ಬಾವಡಿಯ ಚೌಕವು ಪ್ರತಿಯೊಂದು ಮಗ್ಗುಲಿಗೂ ಇನ್ನೂರು ಅಡಿಗೆ ಮೀರಿದ್ದು, ಆಳವು ಐವತ್ತು ಅಡಿಗಳಿಗೂ ಹೆಚ್ಚು. ಪಶ್ಚಿಮಕ್ಕಿರುವ ತೊರವಿಯಿಂದ ಭೂಮಿಯೊಳಗಣ ಸುರಂಗದ ಮೂಲಕ ನಗರಕ್ಕೆ ನೀರು ಬಂದಿತು. 1651ರಲ್ಲಿ ಮಹಮ್ಮದ್ ಆದಿಲಶಾಹನು ಜಹಾನ್ ಬೇಗಮಳ ನೆನಪಿಗಾಗಿ ದಕ್ಷಿಣದಲ್ಲಿ ಬೇಗಂ ತಲಾಬನ್ನು ಕಟ್ಟಿಸಿ, ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಬಾಯಿಗೊಂದು ಸೇರಿಸಿ, ಸುತ್ತ ಗಾರೆಯ ಕವಚ ತೊಡಿಸಿ, ಹದಿನೈದರಿಂದ ಐವತ್ತು ಅಡಿಗಳಷ್ಟು ಆಳದಲ್ಲಿ ನಗರದವರೆಗೆ ಹಾಯಿಸಿದನು. ಈ ನಿರ್ಮಾಣಗಳ ವೈಭವವನ್ನು ಬಣ್ಣಿಸಿದವರು ಹಲವರಿದ್ದಾರೆ. ನನ್ನ ಕಣ್ಣಿಗೆ ಅವೆಲ್ಲಕ್ಕಿಂತಲೂ ಹೆಚ್ಚಿನದಾಗಿ ಕಾಣುವುದು, ಗೋಳಗುಮ್ಮಟಕ್ಕೆಂದು ಬಂದ ಪ್ರವಾಸಿಗರು ತಿರುಗಿಯೂ ನೋಡದ, ದಾರಿಯ ಬದಿಯಲ್ಲಿ ಒಂಟಿಯಾಗಿ ನಿಂತಿರುವ ಚೌಕಾಕಾರದ ಕಲ್ಲಿನ ಗೋಪುರಗಳು. ಅವುಗಳೇ ಗಂಜುಗಳು.

ಗಂಜು ಇಪ್ಪತ್ತೈದರಿಂದ ನಲವತ್ತು ಅಡಿಗಳವರೆಗೆ ಎತ್ತರವಾಗಿರುತ್ತದೆ. ಎತ್ತರದ ಕೆರೆಯಿಂದ ಇಳಿಜಾರಿನಲ್ಲಿ ಹೊರಟ ನೀರು ಮುಚ್ಚಿದ ಕೊಳವೆಯೊಳಗೆ ಮೈಲಿಗಟ್ಟಲೆ ಓಡುತ್ತ ಹೋದಂತೆ ಅದರ ಒತ್ತಡ ಹೆಚ್ಚುತ್ತ, ಮಣ್ಣಿನ ಕೊಳವೆ ಅದನ್ನು ತಾಳಲಾರದೆ ಒಡೆಯುವುದು ನಿಶ್ಚಯ. ಆದುದರಿಂದ ದಾರಿಯಲ್ಲಿ ಅಲ್ಲಲ್ಲಿ ನೀರನ್ನು ಗೋಪುರದೊಳಗೆ ಮೇಲಕ್ಕೇರಿಸಿ, ಬಯಲಿನ ಗಾಳಿಗೆ ತೆರೆದು, ಒತ್ತಡವನ್ನು ಅಲ್ಲಿಗೆ ಮುಗಿಸಿ, ಮತ್ತೆ ಮುಂದಿನ ಕೊಳವೆಗೆ ಇಳಿಸಿದರು. ಇಷ್ಟೇ ಆಗಿದ್ದರೆ ಅದನ್ನು ಕೊಳವೆಯ ರಕ್ಷಣೆಯ ಉಪಾಯವೆಂದು ಹೇಳಿ ಮುಂದೆ ಸಾಗಬಹುದಾಗಿತ್ತು. ಆದರೆ ಕಿರಿದಾದ ಕೊಳವೆಯಲ್ಲಿ ವೇಗದಿಂದ ಬಂದ ನೀರು ಅಗಲವಾದ ಗೋಪುರದ ಒಡಲನ್ನು ಹೊಕ್ಕೊಡನೆ ಅದರ ವೇಗ ಕುಗ್ಗುತ್ತದೆ; ವೇಗ ಕುಗ್ಗಿದ ನೀರಿಗೆ ಉಸುಕನ್ನೂ ಕಸವನ್ನೂ ಹೊತ್ತು ಮೇಲೇರುವ ಶಕ್ತಿಯಿರುವುದಿಲ್ಲ; ಅವು ತಳದಲ್ಲಿಯೇ ಉಳಿದು, ಮೇಲಿನ ತಿಳಿನೀರು ಮಾತ್ರ ಮುಂದಕ್ಕೆ ಸಾಗುತ್ತದೆ. ಒತ್ತಡವನ್ನು ಇಳಿಸಿದ ಗೋಪುರವೇ ರಾಡಿಯನ್ನೂ ಇಳಿಸಿತು. ಅರಿವೆ ಇಲ್ಲ, ಮರಳಿಲ್ಲ, ಬೀಜವಿಲ್ಲ. ನೀರಿಗೆ ವಿಶ್ರಾಂತಿ ಕೊಟ್ಟು ಅದು ತನ್ನ ಹೊರೆಯನ್ನು ತಾನೇ ಇಳಿಸಿಕೊಳ್ಳುವಂತೆ ಮಾಡಿದ ಆ ಅನಾಮಿಕ ಶಿಲ್ಪಿಗಳ ಬುದ್ಧಿಗೆ ನಾನು ತಲೆಬಾಗುತ್ತೇನೆ. ಹೀಗೆ ಗಂಜಿನಿಂದ ಗಂಜಿಗೆ ತಿಳಿಯಾಗುತ್ತ ಬಂದ ಬೇಗಂ ತಲಾಬಿನ ನೀರು ಆಸಾರ್ ಮಹಲಿನ ಮುಂದಣ ಕೊಳವನ್ನೂ ತುಂಬುತ್ತಿತ್ತು.

ಗಂಜಿನ ತಳದಲ್ಲಿ ಕೂಡಿಬಿದ್ದ ಹೂಳನ್ನು ಆಗಾಗ ತೆಗೆಯಬೇಕಷ್ಟೆ; ತೆಗೆಯದಿದ್ದರೆ ಹೂಳು ಏರುತ್ತ, ನೀರು ನಿಲ್ಲುವ ಸ್ಥಳ ಕಿರಿದಾಗುತ್ತ, ಗೋಪುರವು ತನ್ನ ಗುಣವನ್ನು ಕಳೆದುಕೊಂಡು ಬರಿಯ ಎತ್ತರದ ಕೊಳವೆಯಾಗಿಬಿಡುತ್ತದೆ. 1686ರಲ್ಲಿ ಔರಂಗಜೇಬನು ಬಿಜಾಪುರವನ್ನು ಗೆದ್ದುಕೊಂಡ ತರುವಾಯ ಅರಮನೆಯೂ ಅದರ ಆಶ್ರಯವೂ ಇಲ್ಲವಾದ ನಗರದಲ್ಲಿ ಆ ನಿತ್ಯಸೇವೆಯನ್ನು ನಡೆಯಿಸುವವರು ಉಳಿಯಲಿಲ್ಲ. ಗೋಡೆ ಕೆಡವಿದ ಶತ್ರುವಿಗಿಂತ ಹೂಳು ತೆಗೆಯದ ಕೈಯೇ ಇಂತಹ ವ್ಯವಸ್ಥೆಗಳನ್ನು ಹೆಚ್ಚಾಗಿ ಕೊಂದಿದೆ. ಬ್ರಿಟಿಷರ ಆಡಳಿತ ಬಂದ ಮೇಲೆ ನಗರವು ಭೂತನಾಳದ ಕೆರೆಯ ಕಡೆಗೆ ಮುಖ ಮಾಡಿತು. ತಾಜ್ ಬಾವಡಿಯಂತೂ ಗಣೇಶ ವಿಸರ್ಜನೆಯ ಮೂರ್ತಿಗಳನ್ನೂ ಊರ ಕಸವನ್ನೂ ನುಂಗಿ ಹಸಿರುಗಟ್ಟಿ ನಿಂತಿದ್ದು, ಇತ್ತೀಚಿನ ವರ್ಷಗಳಲ್ಲಿ ಹೂಳೆತ್ತಿಸಿಕೊಂಡು ಮತ್ತೆ ಕಣ್ತೆರೆದಿದೆ.

ಹಳ್ಳಿಗಳಲ್ಲಿ ಗಂಜಿರಲಿಲ್ಲ. ಅಲ್ಲಿ ಮೆಟ್ಟಿಲ ಬಾವಿಗಳಿದ್ದವು. ಜನ ಕಾಲು ಇಳಿಬಿಟ್ಟು ನೀರಿಗಿಳಿದು ಕೊಡ ತುಂಬುವ ಆ ಬಾವಿಗಳಲ್ಲಿಯೇ ಕರ್ನಾಟಕದ ಉತ್ತರದ ಜಿಲ್ಲೆಗಳನ್ನು ಬಹುಕಾಲ ಪೀಡಿಸಿದ ನಾರುಹುಣ್ಣು ನೆಲೆಸಿತ್ತು. ಆ ವ್ಯಾಧಿಯ ಮಾರ್ಗ ಇಂತಿದೆ: ಕಾಲಿನ ಬೊಕ್ಕೆಯಿಂದ ನಾರಿನಂತಹ ಹುಳು ಹೊರಬೀಳುತ್ತಿರುವ ರೋಗಿಯು ಉರಿ ತಾಳಲಾರದೆ ನೀರಿನಲ್ಲಿ ಕಾಲಿಡುತ್ತಾನೆ; ಹುಳು ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುತ್ತದೆ; ಒಂದು ಮಿಲಿಮೀಟರಿನ ಆಸುಪಾಸಿನ ಸೈಕ್ಲಾಪ್ಸ್ ಎಂಬ ನೀರುಜೀವಿಯು ಆ ಮರಿಗಳನ್ನು ನುಂಗುತ್ತದೆ; ಎರಡು ವಾರ ಕಳೆದ ಮೇಲೆ ಆ ನೀರನ್ನು ಕುಡಿದವನ ದೇಹದಲ್ಲಿ ಮರಿ ಬೆಳೆದು, ಸುಮಾರು ಒಂದು ವರ್ಷದ ತರುವಾಯ, ಎರಡು ಮೂರು ಅಡಿ ಉದ್ದದ ಹುಳುವಾಗಿ ಅವನ ಕಾಲಿನಿಂದ ಹೊರಡುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟರಂತೆ ಎಳೆಯುವುದಲ್ಲದೆ ಬೇರೆ ಚಿಕಿತ್ಸೆಯಿರಲಿಲ್ಲ; ನಡುವೆ ಹರಿದರೆ ಕಾಲು ಬಾತು ಕೀವು ತುಂಬುತ್ತಿತ್ತು. ಬಿತ್ತನೆಯ ಹೊತ್ತಿನಲ್ಲಿ ಮನೆಯ ದುಡಿಯುವ ಆಳು ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ಆ ಮನೆಯ ವರ್ಷದ ಕೂಳೇ ಹೋಯಿತೆಂದು ಅರ್ಥ. ಸೈಕ್ಲಾಪ್ಸಿನ ಪಾತ್ರವನ್ನು ರಷ್ಯದ ಫೆದ್ಚೆಂಕೊ 1870ರಲ್ಲಿ ತುರ್ಕಿಸ್ತಾನದಲ್ಲಿ ಕಂಡುಹಿಡಿದನು.

ಈ ರೋಗಕ್ಕೆ ಲಸಿಕೆ ಬರಲಿಲ್ಲ, ಔಷಧ ಬರಲಿಲ್ಲ. ಆದರೂ ಅದು ನಮ್ಮ ದೇಶದಿಂದ ಹೋಯಿತು. 1983-84ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ಪ್ರಾರಂಭವಾದಾಗ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಮೆಟ್ಟಿಲ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೊಳವೆ ಬಾವಿ ಕೊರೆಸಿದರು, ಟೆಮಿಫಾಸ್ ಎಂಬ ಕ್ರಿಮಿನಾಶಕವನ್ನು ಬಾವಿಗೆ ಹಾಕಿದರು. ಇವೆಲ್ಲದರ ಜೊತೆಗೆ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಸೋಸುವ ಅರಿವೆಯನ್ನು ಕೊಟ್ಟು, ಅದನ್ನು ಕಟ್ಟುವ ಬಗೆಯನ್ನು ಕಲಿಸಿದರು, ದಿನವೂ ಒಂದೇ ಮಗ್ಗುಲನ್ನು ಮೇಲಿಡಬೇಕೆಂದು ಎಚ್ಚರಿಸಿದರು. ದೇಶದ ಕೊನೆಯ ರೋಗಿಯು 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು; 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣುಮುಕ್ತವೆಂದು ಸಾರಿತು. ಯತಿಗೆಂದು ವಿಧಿಸಿದ್ದ ಅರಿವೆ ಒಕ್ಕಲಿಗನ ಕಾಲನ್ನು ಉಳಿಸಿತು.

ಇದಕ್ಕೂ ಅರ್ಧ ಶತಮಾನದ ಹಿಂದೆ, 1930ರ ದಶಕದಲ್ಲಿ, ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ. ಎನ್. ಮೂರ್ತಿ ಮತ್ತು ಡಬ್ಲ್ಯು. ಸಿ. ಸ್ವೀಟ್ ಎಂಬ ಸಂಶೋಧಕರು ಈ ರೋಗವನ್ನು ಬೇರೊಂದು ದಾರಿಯಿಂದ ಎದುರಿಸಿದ್ದುಂಟು: ಅವರು ಮೆಟ್ಟಿಲ ಬಾವಿಗಳಲ್ಲಿ ಬಾರ್ಬಸ್ ಜಾತಿಯ ಸಣ್ಣ ಮೀನುಗಳನ್ನು ಬಿಟ್ಟು ಸೈಕ್ಲಾಪ್ಸನ್ನು ತಿನ್ನಿಸುವ ಪ್ರಯೋಗ ಮಾಡಿದರು. ಅರಿವೆ ಹಿಡಿಯುವುದನ್ನು ಅಲ್ಲಿ ಮೀನು ಹಿಡಿಯಿತು.

ಮೀನಿನ ಮಾತು ಬಂದುದರಿಂದ ಪ್ರಸ್ತುತಕ್ಕೆ ತುಸು ದೂರವಾದರೂ ಒಂದು ವಿಷಯವನ್ನು ಹೇಳಬೇಕು. ಇಂದು ನಗರಗಳಲ್ಲಿ ಗಾಜಿನ ತೊಟ್ಟಿಯೊಳಗೆ ಕಡಲಿನ ನೀರು, ಕಡಲಿನ ಮೀನು, ಹವಳದ ಬಂಡೆಯ ಜೀವಿಗಳನ್ನಿಟ್ಟು ಸಾಕುವ ಆಸಕ್ತರು ಆ ನೀರನ್ನು ಯಾವುದರಿಂದ ಸೋಸಬೇಕೆಂದು ಮಾಡುವ ಆಲೋಚನೆಯು ನಮ್ಮ ಹಳ್ಳಿಯ ಆಲೋಚನೆಗಿಂತ ಭಿನ್ನವಲ್ಲ. ಅವರು ಬಳಸುವ ಅರಿವೆಯ ಚೀಲದ ರಂಧ್ರ 100 ಅಥವಾ 200 ಮೈಕ್ರಾನಿನದು; ನಾರುಹುಣ್ಣಿನ ವಿರುದ್ಧ ಜಗತ್ತಿನಲ್ಲೆಲ್ಲ ಹಂಚಿದ ನೈಲಾನ್ ಜಾಲರಿಯ ರಂಧ್ರವೂ ಸರಿಸುಮಾರು ಅಷ್ಟೇ. ಚೀಲವನ್ನು ಕೆಲವು ದಿನಗಳಿಗೊಮ್ಮೆ ತೆಗೆದು ತೊಳೆಯದಿದ್ದರೆ ಅದು ಹಿಡಿದ ಎಂಜಲೂ ಮಲವೂ ನೀರಿನ ಹಾದಿಯಲ್ಲಿಯೇ ಕೊಳೆತು ನೈಟ್ರೇಟನ್ನು ಹೆಚ್ಚಿಸುತ್ತವೆ. ತೊಳೆಯಲಾಗದಿದ್ದರೆ ಚೀಲವಿಲ್ಲದಿರುವುದೇ ಮೇಲು; ಬೇರೆ ದಾರಿ ಹಿಡಿದವರೂ ಉಂಟು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮತ್ಸ್ಯಾಗಾರವನ್ನು ರೂಪಿಸಿದ ವಿಲಿಯಂ ಆಲ್ಫರ್ಡ್ ಲಾಯ್ಡ್ ನೆಲದಡಿಯಲ್ಲಿ ಕತ್ತಲೆಯ ದೊಡ್ಡ ಜಲಾಶಯವನ್ನು ಕಟ್ಟಿ, ಮೇಲಿನ ತೊಟ್ಟಿಗಳ ನೀರು ಅದಕ್ಕಿಳಿದು ಮತ್ತೆ ಮೇಲೇರುತ್ತ ಸದಾ ಸುತ್ತುವಂತೆ ಮಾಡಿದನು. 1961ರಲ್ಲಿ ಇಂಡೋನೇಷ್ಯದ ಲೀ ಚಿನ್ ಎಂಗ್ ಎಂಬವನು ಸೋಸುವ ಸಾಧನವನ್ನೇ ತೊರೆದು ಜೀವಂತ ಬಂಡೆಯನ್ನೂ ಗಾಳಿಯ ಗುಳ್ಳೆಗಳನ್ನೂ ನಂಬಿದ ತನ್ನ ಕ್ರಮವನ್ನು ಪ್ರಕಟಿಸಿದನು. ಹವಳವು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನೂ ಉಣ್ಣುವುದರಿಂದ, ಅತಿಯಾಗಿ ಸೋಸಿದ ನೀರು ಅದಕ್ಕೆ ಉಪವಾಸ. ಯಾರಿಗಾಗಿ ಸೋಸುತ್ತೇವೆಂಬುದರ ಮೇಲೆ ಎಷ್ಟು ಸೋಸಬೇಕೆಂಬುದು ನಿಲ್ಲುತ್ತದೆ. 

ಈಗ ಮಸೂತಿಯ ಸೀಮೆಗೆ ಕೃಷ್ಣೆಯೇ ಏರಿ ಬಂದಿದ್ದಾಳೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರನ್ನು ಎತ್ತಿ ಹೊಲಗಳಿಗೆ ಹಾಯಿಸುವ ಮುಳವಾಡ ಏತ ನೀರಾವರಿಯ ಸ್ಥಾವರಗಳಲ್ಲಿ ಮಸೂತಿಯದೂ ಒಂದು. ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನೀರಿನಲ್ಲಿ ಕರಗಿರುವ ಸವಳನ್ನೂ ಫ್ಲೋರೈಡನ್ನೂ ಯಾವ ಅರಿವೆಯೂ ಯಾವ ಗಂಜೂ ತಡೆಯಲಾರವಾದ್ದರಿಂದ ಈ ಘಟಕಗಳು ಅವಶ್ಯವೇ ಸರಿ. ಆದರೆ ಅವುಗಳೊಳಗೂ ಮೊದಲು ಇರುವುದು ಮರಳಿನ ತೊಟ್ಟಿ, ಅನಂತರ ನೂಲಿನಂತೆ ಸುತ್ತಿದ ಶೋಧಕದ ಕಡ್ಡಿ. ಆ ಕಡ್ಡಿಯನ್ನು ಹೊತ್ತಿಗೆ ಬದಲಾಯಿಸದಿದ್ದರೆ ಮುಂದಿನ, ಸವಳನ್ನು ತಡೆಯುವ ಬೆಲೆಯುಳ್ಳ ಪೊರೆ ಕಟ್ಟಿಕೊಂಡು ಘಟಕವೇ ನಿಲ್ಲುತ್ತದೆ. ಹಾಗೆ ನಿಂತುಹೋದ ಘಟಕಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುವುದನ್ನು ಓದುವಾಗ ಹೂಳು ತುಂಬಿದ ಗಂಜುಗಳೇ ಕಣ್ಣಿಗೆ ಕಟ್ಟುತ್ತವೆ.

ವಿಜಯಪುರದ ಜನತೆಯಲ್ಲಿಯೂ ಅಲ್ಲಿನ ಅಧಿಕಾರಿಗಳಲ್ಲಿಯೂ ನನ್ನದೊಂದು ವಿನಂತಿಯಿದೆ. ಉಳಿದಿರುವ ಗಂಜುಗಳ ಸುತ್ತಣ ಜಾಲಿಯನ್ನೂ ಕಸವನ್ನೂ ತೆಗೆಸಿ, ಪ್ರತಿಯೊಂದರ ಬಳಿಯಲ್ಲಿಯೂ ಇದು ಏನು, ನೀರು ಇದರೊಳಗೆ ಹೇಗೆ ಏರಿ ಹೇಗೆ ಇಳಿಯುತ್ತಿತ್ತು ಎಂಬುದನ್ನು ತಿಳಿಗನ್ನಡದಲ್ಲಿ ಬರೆದ ಒಂದು ಫಲಕವನ್ನು ನಿಲ್ಲಿಸಬೇಕು; ಒಂದು ಗಂಜನ್ನಾದರೂ ಒಳಗಿನ ಹೂಳು ತೆಗೆಸಿ, ಗೋಳಗುಮ್ಮಟಕ್ಕೆ ಪ್ರವಾಸ ಬರುವ ಶಾಲೆಯ ಮಕ್ಕಳಿಗೆ ತೋರಿಸುವಂತಾಗಬೇಕು.